ಒಂದೇ ಅಳತೆಯ ಎರಡು ತಲೆ

ನಾಂಪಲ್ಲಿ, ಹೈದರಾಬಾದ್
22 ಆಗಸ್ಟ್ 2004

ಗುಣವತಿಗೆ,

ಹರಿದುಹಾಕುವ ಮೊದಲು ಒಮ್ಮೆ ಓದು. ಫೋನ್ ಮಾಡಿದ್ದರೆ ನನ್ನ ದನಿ ಕೇಳಿದ ಕೂಡಲೇ ನೀನು ಕೆಳಗಿಡುತ್ತಿದ್ದೆ, ಅದಕ್ಕೇ ಪತ್ರ. ಹನ್ನೊಂದು ವರ್ಷದ ಮೇಲೆ ಬರೆಯುತ್ತಿರುವುದು ಕುಶಲ ಕೇಳುವುದಕ್ಕಲ್ಲ. ನನಗೆ ನಿನ್ನ ತಲೆ ಬೇಕಾಗಿದೆ.

ನಗಬೇಡ, ಹೇಳುತ್ತೇನೆ. ಕಳೆದ ತಿಂಗಳು ಬಸ್ಸಿನಿಂದ ಇಳಿಯುವಾಗ ಬಿದ್ದೆ. ಡ್ರೈವರನಿಗೆ ಅವಸರ, ನನ್ನ ಕೈಯಲ್ಲಿ ಅಸ್ತರಿನ ಬಟ್ಟೆಯ ಗಂಟು. ಹಣೆ ಒಡೆಯಿತು. ಮಗ ವೈಜನಾಥ ಆಸ್ಪತ್ರೆಗೆ ಒಯ್ದ. ಮೂರು ಹೊಲಿಗೆ ಹಾಕಿದರು. ಕನ್ನಡಿಯಲ್ಲಿ ನೋಡಿಕೊಂಡೆ, ನನ್ನ ಅಂಗಡಿಗೆ ನಿನ್ನೆ ಮೊನ್ನೆ ಸೇರಿದ ಹುಡುಗಿಯರೂ ಅದಕ್ಕಿಂತ ನೆಟ್ಟಗೆ ಹಾಕುತ್ತಾರೆ. ಅಷ್ಟಕ್ಕೆ ಬಿಡದೆ ತಲೆಯೊಳಗಿನ ಫೋಟೋ ತೆಗೆದರು. ಒಳಗೆ ಪೆಟ್ಟೇನೂ ಇರಲಿಲ್ಲ. ಆದರೆ ರಿಪೋರ್ಟಿನಲ್ಲಿ ಒಂದು ಸಾಲು ಬರೆದರು: ವಯಸ್ಸಿಗೆ ಹೋಲಿಸಿದರೆ ಮಿದುಳು ಚಿಕ್ಕದು, ಕುಗ್ಗಿರಬಹುದು.

ಆಮೇಲೆ ಒಂದು ಹಾಳೆ ಕೊಟ್ಟು ಗಡಿಯಾರ ಬರೆಯಿರಿ, ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಮುಳ್ಳು ಇಡಿ ಎಂದರು. ನನ್ನದು ಐವತ್ತು ವರ್ಷದಿಂದ ಬಟ್ಟೆಯ ಒಳಮೈಗೇ ಗುರುತು ಹಾಕಿದ ಕೈ. ಗಾಬರಿಯಲ್ಲಿ ಹಾಳೆಯನ್ನೂ ಮಗುಚಿದ ಬಟ್ಟೆ ಎಂದುಕೊಂಡು ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಬರೆದುಬಿಟ್ಟೆ. ಡಾಕ್ಟರ್ ಹುಡುಗಿ ವೈಜನಾಥನ ಮುಖ ನೋಡಿದಳು. "ಅದನ್ನ ಹಿಂದಿಂದ ಬೆಳಕಿಗೆ ಹಿಡದು ನೋಡ್ರಿ, ಬರೋಬ್ಬರಿ ಐತಿ" ಎಂದೆ. ಯಾರೂ ಹಿಡಿದು ನೋಡಲಿಲ್ಲ.

ವೈಜನಾಥ ಕೆಟ್ಟವನಲ್ಲ. ರಕ್ಷಣಾ ಕಾರ್ಖಾನೆಯಲ್ಲಿ ತಯಾರಾದ ಬಿಡಿಭಾಗಗಳನ್ನು ಪರೀಕ್ಷೆ ಮಾಡುವುದು ಅವನ ನೌಕರಿ. ಕೂದಲೆಳೆಯಷ್ಟು ಸಂಶಯ ಬಂದರೂ ತೆಗೆದು ಪಕ್ಕಕ್ಕಿಡಬೇಕು. ನನ್ನನ್ನೂ ಹಾಗೆಯೇ ಪಕ್ಕಕ್ಕಿಟ್ಟಿದ್ದಾನೆ. "ಅವ್ವಾ, ಸಾಕಿನ್ನ. ದೀಪಾವಳಿ ಆದಮ್ಯಾಲ ಅಂಗಡಿ ಬಂದ್ ಮಾಡೂಣು. ಮಿಯಾಪುರದ ನಮ್ಮ ಫ್ಲ್ಯಾಟಿನಾಗ ಆರಾಮ ಇರು" ಎಂದು ಹೇಳಿ, ನನ್ನ ದೊಡ್ಡ ಕತ್ತರಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ. ಕತ್ತರಿ ಇಲ್ಲದ ದರ್ಜಿ ಎಂದರೆ ಏನೆಂದು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ.

ಅಂಗಡಿ ಈಗ ನೀನು ನೋಡಿದಂತೆ ಇಲ್ಲ. ನನ್ನ ಜೊತೆ ಐದು ಜನ ಹೆಂಗಸರು. ಮಾಧಾಪುರದ ಸಾಫ್ಟ್‌ವೇರ್ ಕಂಪನಿಗಳಿಗೆ ಬೆಂಗಳೂರು, ಮೈಸೂರಿನಿಂದ ಬಂದ ಹುಡುಗಿಯರು ಹೆರಿಗೆಯ ಹೊತ್ತಿಗೆ ಕೂಸಿನ ತಲೆಗೆ ಕುಂಚಿಗೆ, ಕುಲಾವಿ ಬೇಕೆಂದು ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಜನವರಿಯ ನುಮಾಯಿಷ್ ವಸ್ತುಪ್ರದರ್ಶನದಲ್ಲಿ ಇಪ್ಪತ್ತೊಂದು ವರ್ಷದಿಂದ ನನ್ನ ಮಳಿಗೆ ತಪ್ಪಿಲ್ಲ. ಈ ವರ್ಷ ಅದಕ್ಕೆ ಅರ್ಜಿಯನ್ನೇ ಹಾಕಬೇಡ ಎನ್ನುತ್ತಾನೆ.

ಮೊಮ್ಮಗಳು ಹರ್ಷಿತಾ, ವೈಜನಾಥನ ಮಗಳು, ಅವಳೂ ಕಂಪ್ಯೂಟರ್ ಕಂಪನಿಯಲ್ಲಿದ್ದಾಳೆ. ಅವಳೇ ಹಟ ಹಿಡಿದು ಸೂರ್ಯನಾರಾಯಣ ಎಂಬ ಹಿರಿಯ ಡಾಕ್ಟರ ಹತ್ತಿರ ಒಯ್ದಳು. ಅವರು ಹೇಳಿದ್ದು ಇಷ್ಟು: ಚಿಕ್ಕದಾಗಿರುವುದು ಬೇರೆ, ಕುಗ್ಗಿರುವುದು ಬೇರೆ. ನಲವತ್ತರ ವಯಸ್ಸಿನ ಫೋಟೋ ಇದ್ದರೆ ಹೋಲಿಸಬಹುದಿತ್ತು. ಆಗ ಹರ್ಷಿತಾ, "ಅಜ್ಜಿಗೆ ಅವಳಿ ಅದಾರ್ರೀ, ನೋಡಿದ್ರ ಗುರ್ತs ಸಿಗೂದಿಲ್ಲ" ಎಂದಳು. ಡಾಕ್ಟರ್ ಕುರ್ಚಿಯಿಂದ ಮುಂದೆ ಬಾಗಿದರು. ಮುಪ್ಪಿನಲ್ಲೂ ಮಿದುಳಿನ ಗಾತ್ರ ಬಹುಪಾಲು ರಕ್ತದಿಂದಲೇ ಬಂದದ್ದಂತೆ, ಅವಳಿಗಳನ್ನು ನೋಡಿ ನೋಡಿ ಇದನ್ನು ಕಂಡುಕೊಂಡಿದ್ದಾರಂತೆ. ನಿನ್ನದೂ ನನ್ನಷ್ಟೇ ಇದ್ದರೆ ನನ್ನದು ಕುಗ್ಗಿಲ್ಲ, ಅವ್ವ ಕೊಟ್ಟದ್ದೇ ಅಷ್ಟು ಎಂದಾಗುತ್ತದೆ. ನಮ್ಮಪ್ಪ ಟೊಪ್ಪಿಗೆ ಹೊಲಿಯುತ್ತ, "ಈ ಮನಿ ಹೆಣ್ಮಕ್ಕಳ ತಲಿ ಲಿಂಬಿಕಾಯಿ" ಎಂದು ನಗುತ್ತಿರಲಿಲ್ಲವೇ?

ಒಂದು ದಿನದ ಕೆಲಸ. ಬಂದು ಒಂದು ಫೋಟೋ ಕೊಟ್ಟು ಹೋಗು.

ನಿನ್ನ ಅಕ್ಕ (ಕಾಲು ಗಂಟೆ ಮೊದಲು ಹುಟ್ಟಿದವಳು, ಅದರಲ್ಲಿ ಎರಡು ಮಾತಿಲ್ಲ),
ತುಳಸಾಬಾಯಿ


ಗುಲ್ಬರ್ಗ
9 ಸೆಪ್ಟೆಂಬರ್ 2004

ತುಳಸಾಗೆ,

ಓದಿದೆ. ಹರಿದುಹಾಕಿಲ್ಲ. ಇನ್ನೂ ಸಿಟ್ಟು ಇಳಿದಿಲ್ಲವಾದ್ದರಿಂದ ಹರಿಯುವ ಮೊದಲು ಉತ್ತರ ಬರೆಯುತ್ತಿದ್ದೇನೆ.

ಅವ್ವ ನೆನಪು ಕೆಟ್ಟು ಹಾಸಿಗೆ ಹಿಡಿದಾಗ ನಿನಗೆ ಎಷ್ಟು ಪತ್ರ ಬರೆದೆ? ಆಗ ರೈಲು ಓಡುತ್ತಿರಲಿಲ್ಲವೇ? ಈಗ ನಿನ್ನ ತಲೆಗೆ ಬಂದಾಗ ನನ್ನ ತಲೆ ನೆನಪಾಯಿತು.

ಏಳು ವರ್ಷ, ತುಳಸಾ. ಅವ್ವನಿಗೆ ಊಟ ಮಾಡಿಸಿದೆ, ಒದ್ದೆ ಹಾಸಿಗೆ ತೆಗೆದೆ, ತಲೆ ಬಾಚಿದೆ. ಏಳು ವರ್ಷವೂ ಅವಳು ನನ್ನನ್ನು ತುಳಸಾ ಎಂದೇ ಕರೆದಳು. "ಅವ್ವಾ, ನಾ ಗುಣಾ" ಎಂದರೆ, "ಗುಣಾ ಹೈದರಾಬಾದಿನಾಗ ಅದಾಳ, ಆಕಿ ಬರೂದಿಲ್ಲ, ಕಲ್ಲೆದಿಯಾಕಿ" ಎನ್ನುತ್ತಿದ್ದಳು. ನಿನ್ನ ಹೆಸರಿನಲ್ಲಿ ಸೇವೆ ಮಾಡಿದೆ, ನನ್ನ ಹೆಸರಿನಲ್ಲಿ ಬೈಸಿಕೊಂಡೆ. ಅದನ್ನೂ ನುಂಗಿಕೊಂಡೆ. ಆದರೆ ಅವಳು ತೀರಿಕೊಂಡ ಹತ್ತನೆಯ ದಿನ ನೀನು ಬಂದು ಕೂತಾಗ, ಸೋದರತ್ತೆ ನಿನ್ನ ಕೈ ಹಿಡಿದು, "ಕಡೀತನಕ ತುಳಸಾ ತುಳಸಾ ಅಂತಿದ್ಲು, ಏನ್ ಸೇವಾ ಮಾಡೀದಿಯವ್ವ" ಎಂದು ಅತ್ತಳಲ್ಲ, ಆಗ ನೀನು ಸುಮ್ಮನೆ ತಲೆ ತಗ್ಗಿಸಿ ಕೂತೆ. ನಾನು ಬಾಗಿಲಲ್ಲಿ ನೀರಿನ ತಂಬಿಗೆ ಹಿಡಿದು ನಿಂತಿದ್ದೆ. ಅಂದೇ ನಿನ್ನ ಜೊತೆ ನನ್ನ ಮಾತು ಮುಗಿಯಿತು.

ಇನ್ನೊಂದು ವಿಷಯ, ನಿನಗೆ ಹೊಳೆದೇ ಇಲ್ಲ. ನನ್ನದೂ ನಿನ್ನಷ್ಟೇ ಎಂದು ಬಂದರೆ ನೀನು ಗೆದ್ದೆ. ನನ್ನದು ಅವ್ವನದರಂತೆ ಆಗಿದೆ ಎಂದು ಬಂದರೆ? ನೀನು ಅವಳನ್ನು ಎರಡು ದಿನ ನೋಡಿದವಳು, ನಾನು ಏಳು ವರ್ಷ ನೋಡಿದವಳು. ಮುಂದೆ ಏನಿದೆ ಎಂದು ನನಗೆ ತಿಳಿಯುವುದು ಬೇಡ. ಬಂದಾಗ ಬರಲಿ, ಮುಂಗಡ ಹೇಳಿ ಬರುವುದು ಬೇಡ.

ಬರುವುದಿಲ್ಲ.

ನಿನ್ನ ಅಕ್ಕ (ಮೊದಲು ಒಳಗೆ ಹೋದವಳೇ ಕಡೆಗೆ ಹೊರಬರುತ್ತಾಳೆ ಎಂದು ಸೂಲಗಿತ್ತಿ ಹೇಳಿದ್ದನ್ನು ಮರೆಯಬೇಡ),
ಗುಣವತಿ


ನಾಂಪಲ್ಲಿ
20 ಸೆಪ್ಟೆಂಬರ್ 2004

ಗುಣಾ,

ನೀನು ಬರೆದದ್ದೆಲ್ಲ ನಿಜ. "ನಾನಲ್ಲತ್ತಿ, ಮಾಡಿದಾಕಿ ಗುಣಾ" ಎಂದು ಹೇಳಲು ಎಷ್ಟು ಉಸಿರು ಬೇಕಿತ್ತು? ಹೇಳಲಿಲ್ಲ. ಹೊಗಳಿಕೆ ಸಿಹಿಯಾಗಿತ್ತು, ನುಂಗಿದೆ. ಹನ್ನೊಂದು ವರ್ಷವಾದರೂ ಅದು ಜೀರ್ಣವಾಗಿಲ್ಲ. ಕ್ಷಮಿಸು ಎಂದು ಬರೆಯುವುದಿಲ್ಲ, ನೀನು ಕ್ಷಮಿಸುವವರ ಪೈಕಿ ಅಲ್ಲ. ತಪ್ಪು ನನ್ನದು ಎಂದು ಬರೆಯುತ್ತೇನೆ, ಕೆಳಗೆ ಸಹಿಯೂ ಹಾಕುತ್ತೇನೆ. ಈ ಹಾಳೆಯನ್ನು ಯಾರಿಗೆ ಬೇಕಾದರೂ ಓದಿ ತೋರಿಸು.

ಏಕೆ ಬರಲಿಲ್ಲ ಎಂಬುದನ್ನೂ ಕೇಳು. ಆ ಎರಡು ದಿನದಲ್ಲಿ ಒಮ್ಮೆ ಅವ್ವ ರೊಟ್ಟಿಯನ್ನು ಕೈಯಲ್ಲಿ ಹಿಡಿದು, "ಇದನ್ನ ಏನ್ ಮಾಡೂದು?" ಎಂದು ನನ್ನನ್ನು ಕೇಳಿದಳು. ಅವಳ ಮುಖ ನನ್ನ ಮುಖವೇ. ಹೆದರಿ ಓಡಿಬಂದೆ. ನಿನ್ನ ಮುಖವೂ ಅದೇ ಆಗಿದ್ದರೂ ನೀನು ಓಡಲಿಲ್ಲ. ಅಷ್ಟೇ ನಮ್ಮಿಬ್ಬರ ನಡುವಿನ ವ್ಯತ್ಯಾಸ, ಅದು ಸಣ್ಣದಲ್ಲ ಎಂದು ನನಗೂ ಗೊತ್ತು.

ಬರುವುದಿಲ್ಲ ಎಂದೆಯಲ್ಲ, ಸರಿ, ಕಾಲು ಹಿಡಿಯುವವಳಲ್ಲ ನಾನು. ನನ್ನ ಜಗಳ ನಾನೇ ಆಡುತ್ತೇನೆ. ಕತ್ತರಿ ಬೀರುವಿನಲ್ಲಿದ್ದರೇನು, ಬ್ಲೇಡಿನಲ್ಲಿ ಕತ್ತರಿಸುತ್ತಿದ್ದೇನೆ. ಮೊನ್ನೆ ವೈಜನಾಥ ಅಂಗಡಿಗೆ ಬಂದು ಹೆಂಗಸರ ಎದುರಿಗೇ ನನ್ನನ್ನು ಪರೀಕ್ಷೆ ಮಾಡಿದ. "ಅವ್ವಾ, ಇವತ್ತ ಯಾವ ವಾರ? ಈಗ ಯಾರದ ಸರ್ಕಾರ ಐತಿ?" ನಾನು ಟೇಪು ಕೆಳಗಿಟ್ಟೆ. "ನೀ ಹುಟ್ಟಿದಾಗ ನಿನ್ನ ತಲಿ ಹದಿಮೂರೂಕಾಲು ಇಂಚಿತ್ತು. ಮೂರನೇ ತಿಂಗಳಿಗೆ ಹದಿನಾರು. ಈ ಓಣಿಯೊಳಗ ಹುಟ್ಟಿದ ಯಾವ ಕೂಸಿನ ತಲೀ ಬೇಕಾರ ಕೇಳು, ಹೇಳ್ತೀನಿ. ಸರ್ಕಾರದ ತಲಿ ಅಳತಿ ನಾ ತಗೊಂಡಿಲ್ಲ" ಎಂದೆ. ಹೆಂಗಸರು ನಕ್ಕರು. ಅವನು ನಗಲಿಲ್ಲ. ಅವನ ಕಣ್ಣಲ್ಲಿ ಹೆದರಿಕೆ ಕಂಡಿತು ಗುಣಾ. ಅದು ಒಂದು ಕಾಲಕ್ಕೆ ನನಗಿದ್ದ ಹೆದರಿಕೆಯೇ. ಅದಕ್ಕೇ ಅವನನ್ನು ಬೈಯಲು ಬಾಯಿ ಬರುವುದಿಲ್ಲ, ಅವನ ಮಾತು ಕೇಳಲು ಮನಸ್ಸೂ ಬರುವುದಿಲ್ಲ.

ಅರವತ್ತಕ್ಕೆ ಅರಳು ಮರಳು ಎಂದು ಗಾದೆ ಮಾಡಿದವರು ಯಾರೋ, ಅವರ ವಯಸ್ಸು ಮೂವತ್ತು ಇದ್ದಿರಬೇಕು. ನುಮಾಯಿಷ್‌ಗೆ ಅರ್ಜಿ ಹಾಕಿಬಿಟ್ಟಿದ್ದೇನೆ.

ನಿನ್ನ ಅಕ್ಕ,
ತುಳಸಾಬಾಯಿ


ಗುಲ್ಬರ್ಗ
14 ಅಕ್ಟೋಬರ್ 2004

ತುಳಸಾ,

ನಿನ್ನ ಪತ್ರವನ್ನು ಸೋದರತ್ತೆಯ ಮನೆಗೆ ಒಯ್ದು ಓದಿದೆ. ಅವಳಿಗೆ ಈಗ ಎಂಬತ್ತೆಂಟು. ಪೂರ್ತಿ ಕೇಳಿ, "ಹೋಗಲಿ ಬಿಡವಾ, ಯಾರಾರ ಒಬ್ರು ಮಾಡಿದ್ರಲ್ಲ" ಎಂದಳು. ಹನ್ನೊಂದು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡದ್ದಕ್ಕೆ ಅಷ್ಟೇ ಬೆಲೆ. ಮನೆಗೆ ಬಂದು ಅತ್ತುಬಿಟ್ಟೆ, ಆಮೇಲೆ ನಗು ಬಂತು.

ಟೇಪು ಹಿಡಿದು ನನ್ನ ತಲೆ ಅಳೆದೆ. ಇಪ್ಪತ್ತೂಕಾಲು. ನಿನ್ನದೆಷ್ಟು ಎಂದು ಕೇಳುವುದಿಲ್ಲ.

ದಸರಾ ಮುಗಿಸಿ ಬರುತ್ತೇನೆ. ನಿನಗಾಗಿ ಅಲ್ಲ. ಒಬ್ಬ ಹೆಂಗಸಿನ ಕೈಯಿಂದ ಕತ್ತರಿ ಕಸಿದರಲ್ಲ, ಅದು ನನಗೆ ಸಹಿಸಲಾಗುವುದಿಲ್ಲ. ನನ್ನ ಮಗ ನರಹರಿಗೆ ಬರೀ ಊರು ನೋಡಲು ಹೋಗುತ್ತೇನೆ ಎಂದು ಹೇಳಿದ್ದೇನೆ.

ಒಂದು ಷರತ್ತಿದೆ. ಫೋಟೋ ತೆಗೆಯಲಿ, ಅಳೆಯಲಿ, ನಿನ್ನದರ ಪಕ್ಕಕ್ಕಿಟ್ಟು ನೋಡಲಿ. ನನ್ನದರಲ್ಲಿ ಏನಿದೆ ಎಂದು ಮಾತ್ರ ನನಗೆ ಯಾರೂ ಹೇಳಬಾರದು. ಡಾಕ್ಟರೂ ಹೇಳಬಾರದು, ನೀನೂ ಹೇಳಬಾರದು. ಅವ್ವನ ಆಣೆ ಹಾಕಿ ಹೇಳುತ್ತಿದ್ದೇನೆ.

ನಿನ್ನ ಅಕ್ಕ,
ಗುಣವತಿ


ನಾಂಪಲ್ಲಿ
18 ನವೆಂಬರ್ 2004

ಪ್ರೀತಿಯ ಗುಣಾ,

ನೀನು ಸುಖವಾಗಿ ಊರು ಸೇರಿದೆ ಎಂದು ನರಹರಿ ಫೋನಿನಲ್ಲಿ ಹೇಳಿದ, ಸಮಾಧಾನವಾಯಿತು.

ಡಾಕ್ಟರ್ ಎರಡು ಫೋಟೋಗಳನ್ನೂ ಅಕ್ಕಪಕ್ಕ ಇಟ್ಟು ತೋರಿಸಿದರು. ಒಟ್ಟು ಗಾತ್ರದಲ್ಲಿ ನಮ್ಮಿಬ್ಬರ ನಡುವೆ ಒಂದು ಚಮಚೆಯಷ್ಟೂ ವ್ಯತ್ಯಾಸ ಇಲ್ಲವಂತೆ. ನನ್ನದು ಕುಗ್ಗಿದ್ದಲ್ಲ, ಹುಟ್ಟಿನಿಂದ ಬಂದ ಅಳತೆ ಎಂದು ಕಾಗದದಲ್ಲಿ ಬರೆದುಕೊಟ್ಟರು. ನಾನು ಬರೆದ ಗಡಿಯಾರವನ್ನೂ ತರಿಸಿ, ಬೆಳಕಿಗೆ ಹಿಡಿದು ನೋಡಿ ನಕ್ಕರು. ವೈಜನಾಥ ಆ ಕಾಗದವನ್ನು ಮೂರು ಸಲ ಓದಿದ. ಮನೆಗೆ ಬಂದು ಬೀರು ತೆಗೆದು ಕತ್ತರಿಯನ್ನು ತಾನೇ ನನ್ನ ಕೈಗೆ ಕೊಟ್ಟ. ಅಂಗಡಿ ಉಳಿಯಿತು. ನುಮಾಯಿಷ್ ಮಳಿಗೆಯೂ ಸಿಕ್ಕಿದೆ. ಎಲ್ಲ ನಿನ್ನಿಂದಲೇ ಆದದ್ದು.

ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯಾ? ಸಂಜೆ ಸ್ವಲ್ಪ ಅಡ್ಡಾಡು. ಗುಲ್ಬರ್ಗದಲ್ಲಿ ಈಗ ಚಳಿ ಬಿದ್ದಿರಬೇಕು, ಹರ್ಷಿತಾ ನಿನಗೊಂದು ಶಾಲು ತಂದಿದ್ದಾಳೆ, ಕಳಿಸುತ್ತೇನೆ. ದಿನಕ್ಕೆ ಒಂದು ಸಾಲಾದರೂ ಬರೆದಿಡು. ಕಣ್ಣಿಗೆ ಆಯಾಸವಾಗುವಷ್ಟು ಹೊಲಿಯಬೇಡ. ನನ್ನ ಮೇಲೆ ಸಿಟ್ಟಿದ್ದರೆ ಬಿಟ್ಟುಬಿಡು.

ನಿನ್ನ ತಂಗಿ,
ತುಳಸಾ


ಗುಲ್ಬರ್ಗ
11 ಡಿಸೆಂಬರ್ 2004

ತುಳಸಾ,

ಏನು ಬರೆದಿದ್ದೀಯ ಇದು? ಯಾರು ಸತ್ತಿದ್ದಾರೆ?

ಹೇಳಬೇಡ ಎಂದು ಆಣೆ ಹಾಕಿದೆ, ನೀನು ಆಣೆ ಮುರಿಯಲಿಲ್ಲ. ಆದರೆ ಅರವತ್ತಾರು ವರ್ಷದಲ್ಲಿ ಒಮ್ಮೆಯಾದರೂ ನನಗೆ ಊಟ ಆಯಿತೇ ಎಂದು ಕೇಳಿದ್ದೀಯಾ? ಒಮ್ಮೆಯಾದರೂ ತಂಗಿ ಎಂದು ಸಹಿ ಹಾಕಿದ್ದೀಯಾ? ನನ್ನ ಜೊತೆ ಜಗಳವಾಡದೆ ಎರಡು ಪುಟ ಬರೆದೆ ಎಂದರೆ ಡಾಕ್ಟರ್ ಏನು ಹೇಳಿದರು ಎಂದು ನನಗೆ ತಿಳಿಯುವುದಿಲ್ಲವೇ? ಶಾಲು ಬಂದಿದೆ. ಬಣ್ಣ ಚೆನ್ನಾಗಿಲ್ಲ.

ಇನ್ನು ಮುಚ್ಚುಮರೆ ಬೇಡ, ನನ್ನ ಆಣೆಯನ್ನು ನಾನೇ ಹಿಂದಕ್ಕೆ ತೆಗೆದುಕೊಂಡೆ. ತಿಳಿಯುವುದು ಬೇಡ ಎಂದು ಕೂತವಳಿಗೆ ಗೊತ್ತಿರಲಿಲ್ಲವೆಂದಲ್ಲ. ಶ್ರಾವಣದಲ್ಲಿ ಪಕ್ಕದ ಮನೆಯ ಕೂಸಿಗೆ ಕುಲಾವಿ ಹೊಲಿದು ಕೊಟ್ಟೆ. ಅದರ ತಾಯಿ ನಗುತ್ತ ಹಿಂದಕ್ಕೆ ತಂದಳು. ತಲೆ ತೂರಿಸುವ ಬಾಯಿಯನ್ನೇ ಹೊಲಿದು ಮುಚ್ಚಿದ್ದೆ. ಸಣ್ಣ ಸಣ್ಣ, ನೆಟ್ಟಗಿನ ಹೊಲಿಗೆ, ಒಂದೂ ತಪ್ಪಿಲ್ಲ. ಬಿಚ್ಚಿ ಮತ್ತೆ ಹೊಲಿದು ಕೊಟ್ಟೆ. ನರಹರಿಗೆ ಹೇಳಿಲ್ಲ. ಹೇಳಿದರೆ ಅವನೂ ಬೀರುವಿನ ಬೀಗ ಹುಡುಕುತ್ತಾನೆ.

ನಾನು ಅವ್ವನಲ್ಲ. ಅವಳಿಗೆ ತನಗೆ ಏನಾಗುತ್ತಿದೆ ಎಂದು ಯಾರೂ ಹೇಳಲಿಲ್ಲ. ನಾವೆಲ್ಲ ಅವಳ ಎದುರು ಮೆತ್ತಗೆ ಮಾತಾಡಿ, ಬೆನ್ನ ಹಿಂದೆ ಕಣ್ಣೊರೆಸಿಕೊಂಡೆವು. ನನ್ನ ಜೊತೆ ಮೆತ್ತಗೆ ಮಾತಾಡುವವರನ್ನು ಮನೆಗೆ ಸೇರಿಸುವುದಿಲ್ಲ, ನೀನಾದರೂ ಅಷ್ಟೇ. ಬರೆಯುವುದಾದರೆ ಇದ್ದದ್ದನ್ನು ಇದ್ದ ಹಾಗೆ ಬರೆ, ಇಲ್ಲದಿದ್ದರೆ ಇನ್ನು ಹನ್ನೊಂದು ವರ್ಷ ಸುಮ್ಮನಿರು. ಆಮೇಲೆ ನೀನು ಯಾರೆಂದು ನನಗೆ ಗೊತ್ತಿರುತ್ತದೋ ಇಲ್ಲವೋ.

ಗುಣವತಿ


ನಾಂಪಲ್ಲಿ
27 ಡಿಸೆಂಬರ್ 2004

ಗುಣಾ,

ಶಾಲಿನ ಬಣ್ಣಕ್ಕೇನಾಗಿದೆ? ನಿನ್ನ ಕಣ್ಣನ್ನೂ ಫೋಟೋ ತೆಗೆಸಬೇಕಿತ್ತು.

ಇದ್ದದ್ದು ಇದು. ಒಟ್ಟು ಗಾತ್ರ ಇಬ್ಬರದೂ ಒಂದೇ, ಅದನ್ನು ಬರೆದಿದ್ದೆ. ನೆನಪನ್ನು ಹಿಡಿದಿಡುವ ಒಂದು ಭಾಗ ಒಳಗಿದೆಯಂತೆ, ಕಿರುಬೆರಳಿನಷ್ಟು. ಅದರ ಮೇಲೆ ರಕ್ತದ ಅಧಿಕಾರ ಅಷ್ಟು ನಡೆಯುವುದಿಲ್ಲ, ಬದುಕಿದ ಬದುಕೂ ಅದನ್ನು ತಿದ್ದುತ್ತದೆ ಎಂದರು. ನಿನ್ನದು ನನ್ನದಕ್ಕಿಂತ ಸಣ್ಣದಾಗಿದೆ, ಸ್ವಲ್ಪವಲ್ಲ, ಕಣ್ಣಿಗೆ ಕಾಣುವಷ್ಟು. ರೋಗ ಎಂದು ಈಗಲೇ ಹೇಳಲಾರೆ, ಆರು ತಿಂಗಳಿಗೊಮ್ಮೆ ನೋಡಬೇಕು ಎಂದರು. ಏಳು ವರ್ಷ ಒಬ್ಬಳೇ ಎಲ್ಲವನ್ನೂ ಹೊತ್ತದ್ದಕ್ಕೆ ಹೀಗಾಯಿತೇ ಎಂದು ಕೇಳಿದೆ. "ಹಾಗೆ ಹೇಳಲಿಕ್ಕೆ ನನ್ನ ಹತ್ತಿರ ಆಧಾರವಿಲ್ಲಮ್ಮಾ" ಎಂದರು. ಅವರ ಹತ್ತಿರ ಇಲ್ಲದಿರಬಹುದು. ನನಗಂತೂ ಅಂದಿನಿಂದ ಅನ್ನ ಸೇರುತ್ತಿಲ್ಲ. ನನ್ನ ತಲೆಯನ್ನು ಉಳಿಸಲು ಬಂದು ನಿನ್ನದನ್ನು ತೋರಿಸಿ ಹೋದೆ, ಈ ಸಂಕಟವನ್ನು ಯಾರಿಗೆ ಹೇಳಲಿ? ಮೆತ್ತಗೆ ಬರೆದದ್ದು ಅದಕ್ಕೇ. ಇನ್ನು ಹಾಗೆ ಬರೆಯುವುದಿಲ್ಲ.

ವೈಜನಾಥನಿಗೆ ಮೊನ್ನೆ ಹೇಳಿದೆ, ಗುಣಾ ಇನ್ನು ಮುಂದೆ ನಾಂಪಲ್ಲಿಯಲ್ಲೇ ಇರುತ್ತಾಳೆ, ಅಂಗಡಿಯ ಎರಡನೇ ಮಷೀನಿಗೆ ಕೂರುತ್ತಾಳೆ ಎಂದು. "ಅವ್ವಾ, ನಿನ್ನೊಬ್ಬಾಕೀನ ನೋಡ್ಕೊಳ್ಳಾಕ ನನಗ ಸಾಕಾಗೇತಿ. ಇಬ್ಬರನ್ನ ಹೆಂಗ ಸಂಭಾಳಸಲಿ? ಅದೂ ಚಿಗವ್ವಗ ಹಿಂಗಿದ್ದಾಗ?" ಎಂದ. "ಸಂಭಾಳಸು ಅಂತ ನಿನಗ ಯಾರಂದ್ರು? ಆಕಿ ಬಾಯಿ ಮುಚ್ಚಿ ಹೊಲದ್ರ ನಾ ಬಿಚ್ಚತೀನಿ. ದಿನಾ ನೂರ ಹೊಲದ್ರ ನೂರೂ ಬಿಚ್ಚತೀನಿ. ಅದಕ್ಕs ಕತ್ತರಿ ಇಸ್ಕೊಂಡೀನಿ" ಎಂದೆ. ಆಮೇಲೆ, "ಎರಡನೇ ಮಷೀನಿನ ಪಟ್ಟಾ ಹಳೇದಾಗೇತಿ, ನಾಳೆ ಹೊಸಾದ ಹಾಕಸ್ತೀನಿ" ಎಂದು ಎದ್ದುಹೋದ.

ನಿನ್ನ ಮಗನಿಗೆ ಏನು ಹೇಳಬೇಕು, ಯಾವಾಗ ಹೇಳಬೇಕು ಎಂಬುದು ನಿನಗೆ ಬಿಟ್ಟದ್ದು. ಹೇಳುವಾಗ ನಾನು ಪಕ್ಕದಲ್ಲಿ ಕೂತಿರುತ್ತೇನೆ. ಅವನು ಬೀಗ ತಂದರೆ ನನ್ನ ಜೊತೆ ಮಾತಾಡಲಿ.

ಜನವರಿ ಒಂದಕ್ಕೆ ನುಮಾಯಿಷ್ ಬಾಗಿಲು ತೆರೆಯುತ್ತದೆ. ಅದಕ್ಕಾಗಿ ನಾಲ್ಕು ತಿಂಗಳು ಮನೆಮಂದಿಯ ಜೊತೆ ಬಡಿದಾಡಿದೆ. ಆ ದಿನ ಮಳಿಗೆಯಲ್ಲಿ ಹರ್ಷಿತಾ ಕೂರುತ್ತಾಳೆ, ಹೆಂಗಸರು ಜೊತೆಗಿರುತ್ತಾರೆ. ನಾನು ಅದೇ ಬೆಳಿಗ್ಗೆ ಗುಲ್ಬರ್ಗದ ರೈಲು ಹತ್ತುತ್ತೇನೆ. ಯಾರೂ ಕಳಿಸಿದ್ದಲ್ಲ, ಯಾರನ್ನೂ ಕೇಳಿದ್ದೂ ಅಲ್ಲ.

ನಾಲ್ಕನೇ ತಾರೀಖಿಗೆ ವಾಪಸ್ಸು ಬರಲು ಹರ್ಷಿತಾ ಕಂಪ್ಯೂಟರಿನಲ್ಲಿ ಎರಡು ಟಿಕೆಟ್ ತೆಗೆಸಿದ್ದಾಳೆ. ನೀನು ಬರುವುದಿಲ್ಲ ಎಂದು ಹಟ ಹಿಡಿದರೆ ಹಿಡಿ, ನನಗೇನೂ ಅವಸರವಿಲ್ಲ. ಆಗ ಹಾಳಾಗುವುದು ಒಂದು ಟಿಕೆಟ್ ಅಲ್ಲ, ಎರಡೂ.

ತುಳಸಾಬಾಯಿ